ಒಂದೊಂದೂ ಮಿತಿಯೊಳಗಿದ್ದರೆ, ಎಲ್ಲವೂ ಸೇರಿದಾಗ?

ಪ್ರಶ್ನೆ (ಮಾಟುಂಗಾ, ಮುಂಬೈ): ನನ್ನ ಮಗಳಿಗೆ ಏಳು ವರ್ಷ. ಅವಳ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸ್ಫಿನಾಲ್-ಎ (ಬಿಪಿಎ), ಲೋಷನ್ನಿನಲ್ಲಿ ಪ್ಯಾರಾಬೆನ್ ಎಂಬ ರಾಸಾಯನಿಕಗಳು ಇರಬಹುದೆಂದೂ ಇವು ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನನ್ನು ಅನುಕರಿಸುತ್ತವೆಯೆಂದೂ ಓದಿದೆ. ಪ್ರತಿಯೊಂದೂ ಸುರಕ್ಷಿತ ಮಿತಿಯೊಳಗಿದೆ ಎನ್ನುತ್ತಾರೆ. ಎಲ್ಲವೂ ಒಂದೇ ದೇಹವನ್ನು ಸೇರಿದಾಗ ಏನಾಗುತ್ತದೆಂದು ಯಾರಾದರೂ ಪರೀಕ್ಷಿಸಿದ್ದಾರೆಯೇ?

ಉತ್ತರ (ವಿಷವಿಜ್ಞಾನಿ, ಪುಣೆ): ಪರೀಕ್ಷಿಸಿದ್ದಾರೆ, ಮತ್ತು ನೀವು ಕೇಳಿರುವುದು ಈ ಕ್ಷೇತ್ರದ ಮೂಲ ಪ್ರಶ್ನೆಯೇ ಆಗಿದೆ. ಮನುಷ್ಯರ ಈಸ್ಟ್ರೋಜೆನ್ ಗ್ರಾಹಕದ (ಹಾರ್ಮೋನು ಬಂದು ಅಂಟಿಕೊಳ್ಳುವ, ಕೋಶದೊಳಗಿನ ಪ್ರೋಟೀನಿನ) ಜೀನನ್ನು ಯೀಸ್ಟ್ ಕೋಶಕ್ಕೆ ಸೇರಿಸಿ, ಯಾವುದಾದರೂ ರಾಸಾಯನಿಕವು ಆ ಗ್ರಾಹಕವನ್ನು ಚುರುಕುಗೊಳಿಸಿದರೆ ದ್ರಾವಣದ ಹಳದಿ ಬಣ್ಣ ಕೆಂಪಾಗುವಂತೆ ಮಾಡಿರುತ್ತಾರೆ. ಮೊದಲು ಒಂದೊಂದೇ ವಸ್ತುವಿನ ಬೇರೆಬೇರೆ ಪ್ರಮಾಣಗಳಿಗೆ ಬರುವ ಪರಿಣಾಮವನ್ನು ಅಳೆದು, ಮಿಶ್ರಣದಿಂದ ಎಷ್ಟು ಬರಬೇಕೆಂದು ಲೆಕ್ಕ ಹಾಕಿ, ಅನಂತರ ನಿಜವಾದ ಮಿಶ್ರಣವನ್ನು ಅಳೆದು ಎರಡನ್ನೂ ಹೋಲಿಸುತ್ತಾರೆ. ಲಂಡನ್ನಿನ ತಂಡವೊಂದು 2002ರಲ್ಲಿ ಹೀಗೆಯೇ ಎಂಟು ದುರ್ಬಲ ವಸ್ತುಗಳನ್ನು, ಪ್ರತಿಯೊಂದೂ ಒಂಟಿಯಾಗಿ ಗಮನಾರ್ಹ ಪರಿಣಾಮ ತೋರದಷ್ಟು ಅಲ್ಪ ಪ್ರಮಾಣದಲ್ಲಿ ಬೆರೆಸಿದಾಗ, ಪರಿಣಾಮ ಸ್ಪಷ್ಟವಾಗಿ ಕಂಡುಬಂತು. ಒಂದು ಸಾಸಿವೆ ಕಾಳಿಗೆ ತಕ್ಕಡಿ ಅಲುಗುವುದಿಲ್ಲ. ಹಾಗೆಂದು ಕಾಳಿಗೆ ತೂಕವೇ ಇಲ್ಲವೆಂದಲ್ಲ. ಮಿತಿಗಳನ್ನು ಬಹುಮಟ್ಟಿಗೆ ಒಂದೊಂದೇ ವಸ್ತುವಿಗೆ ನಿಗದಿಪಡಿಸುವುದು ಆದ್ದರಿಂದಲೇ ನನಗೆ ಸಮಾಧಾನ ತರುವುದಿಲ್ಲ.

ಆದರೆ ಕೂಡುವುದು ಬೇರೆ, ಹಲವು ಪಟ್ಟು ಹೆಚ್ಚುವುದು ಬೇರೆ. ನಮ್ಮ ಕರಾವಳಿಯವರು ಮರೆಯಲಾಗದ ಎಂಡೋಸಲ್ಫಾನ್ ಇನ್ನೊಂದು ಕೀಟನಾಶಕದೊಡನೆ ಸೇರಿದರೆ ಈಸ್ಟ್ರೋಜೆನ್ ಪರಿಣಾಮ ನೂರಾರು ಪಟ್ಟು ಏರುತ್ತದೆಂದು 1996ರಲ್ಲಿ ಅಮೆರಿಕದ ಪ್ರಬಂಧವೊಂದು ಹೇಳಿತ್ತು. ಆ ಫಲಿತಾಂಶ ಮತ್ತೆ ದೊರೆಯದಿದ್ದುದರಿಂದ 1997ರಲ್ಲಿ ಅದನ್ನು ಹಿಂಪಡೆಯಲಾಯಿತು. ಅಲ್ಲದೆ ಯೀಸ್ಟ್‌ಗೆ ಯಕೃತ್ತಿಲ್ಲ; ಬಾಯಿಯ ಮೂಲಕ ಹೋದ ಬಿಸ್ಫಿನಾಲ್-ಎ ಬಹುಪಾಲು ನಮ್ಮ ಯಕೃತ್ತಿನಲ್ಲಿ ನಿಷ್ಕ್ರಿಯಗೊಂಡು ಮೂತ್ರದಲ್ಲಿ ಹೊರಹೋಗುತ್ತದೆ. ಅದಕ್ಕಾಗಿಯೇ ಎಳೆಯ ಹೆಣ್ಣಿಲಿಗಳ ಗರ್ಭಕೋಶದ ತೂಕವನ್ನು ಅಳೆಯುವಂತಹ, ಇಡೀ ಪ್ರಾಣಿಯ ಮೇಲಿನ ಪರೀಕ್ಷೆಗಳೂ ಬೇಕಾಗುತ್ತವೆ. ಗಂಡು ಮೀನುಗಳನ್ನು ಐದು ಈಸ್ಟ್ರೋಜೆನ್ ಗುಣದ ವಸ್ತುಗಳ ಮಿಶ್ರಣಕ್ಕೆ ಒಡ್ಡಿದ 2005ರ ಪ್ರಯೋಗದಲ್ಲಿಯೂ, ಸಾಮಾನ್ಯವಾಗಿ ಹೆಣ್ಣು ಮೀನಿನಲ್ಲಿ ಹೇರಳವಾಗಿರುವ ಮೊಟ್ಟೆಯ ಹಳದಿಯ ಪ್ರೋಟೀನು ಲೆಕ್ಕಕ್ಕೆ ಹೊಂದುವಂತೆಯೇ ಏರಿತ್ತು.

ಮರುಪ್ರಶ್ನೆ: ಹಾಗಾದರೆ ಮಗಳ ರಕ್ತವನ್ನು ಪರೀಕ್ಷೆ ಮಾಡಿಸಲೇ? ‘ಬಿಪಿಎ ರಹಿತ’ ಎಂಬ ಡಬ್ಬಿ ಕೊಂಡರೆ ಸಾಕೇ?

ಉತ್ತರ: ರಕ್ತಪರೀಕ್ಷೆಗೆ ದಯವಿಟ್ಟು ಹಣ ಸುರಿಯಬೇಡಿ. ಬಿಸ್ಫಿನಾಲ್-ಎ ಕೆಲವೇ ಗಂಟೆಗಳಲ್ಲಿ ದೇಹದಿಂದ ಹೊರಹೋಗುವುದರಿಂದ, ಒಮ್ಮೆ ಅಳೆದ ಅಂಕಿ ಆ ದಿನದ ಊಟದ ಬಗ್ಗೆ ಹೇಳೀತೇ ಹೊರತು ಮಗುವಿನ ಮುಂದಿನ ಆರೋಗ್ಯದ ಬಗ್ಗೆ ಅಲ್ಲ. ‘ಬಿಪಿಎ ರಹಿತ’ ವಸ್ತುಗಳಲ್ಲಿ ಕೆಲವೊಮ್ಮೆ ಬಳಸುವ ಬಿಸ್ಫಿನಾಲ್-ಎಸ್ ಸಹ ಅದೇ ಗ್ರಾಹಕಕ್ಕೆ ಅಂಟುತ್ತದೆ. ಬಿಸಿ ಸಾರು, ಸಾಂಬಾರುಗಳನ್ನು ಸ್ಟೀಲ್ ಡಬ್ಬಿಯಲ್ಲಿಯೇ ಕಳುಹಿಸಿ; ಬಿಸಿ ತಾಗಿದಾಗ ಪ್ಲಾಸ್ಟಿಕ್ಕಿನಿಂದ ಸೋರಿಕೆ ಹೆಚ್ಚು. ಎಂಟು ತುಂಬುವ ಮೊದಲೇ ಅವಳಲ್ಲಿ ಎದೆಯ ಬೆಳವಣಿಗೆ ಕಂಡರೆ ಮಾತ್ರ ಡಬ್ಬಿಯ ಚಿಂತೆಯನ್ನು ಬದಿಗಿಟ್ಟು, ಮಕ್ಕಳ ಹಾರ್ಮೋನು ತಜ್ಞರಿಗೆ ತಡಮಾಡದೆ ತೋರಿಸಿ.