ಅಪ್‌ಡೇಟ್: ಸಫೋಕ್‌ನ ಹೊಲದಲ್ಲಿ ಸಿಕ್ಕ ಅರ್ಧ ಪೆನ್ನಿ

ಇಂಗ್ಲೆಂಡಿನ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹಳೇ ನಾಣ್ಯ ಹುಡುಕೋಕೆ ಯಾರ ಅನುಮತಿ ಬೇಕು, ಸಿಕ್ಕರೆ ಏನು ಮಾಡ್ಬೇಕು ಅಂತ ಕೇಳಿದ್ದೆ. ಶನಿವಾರ ಹೋಗಿ ಬಂದೆ. ಹೊಲದ ಮಾಲೀಕರಿಂದ ಬರಹದಲ್ಲೇ ಒಪ್ಪಿಗೆ ತಗೊಂಡಿದ್ದೆ, ಅದು ಸಂರಕ್ಷಿತ ಸ್ಮಾರಕದ ಜಾಗ ಅಲ್ಲ ಅಂತಲೂ ನೋಡ್ಕೊಂಡಿದ್ದೆ.

ಮಧ್ಯಾಹ್ನದವರೆಗೆ ಬರೀ ಕೋಟಿನ ಗುಂಡಿ, ಸೀಸದ ಚೂರು. ಮೂರು ಗಂಟೆ ಸುಮಾರಿಗೆ ಬೇಲಿ ಪಕ್ಕ ಸಣ್ಣ ಸದ್ದು, ಯಾವ ಕಡೆಯಿಂದ ಆಡಿಸಿದ್ರೂ ಒಂದೇ ಥರ. ಒಂದು ಗೇಣು ಅಗೆದೆ. ಒದ್ದೆ ಹೆಂಟೆಯೊಳಗೆ ಉಗುರಿನಷ್ಟು ತೆಳ್ಳಗಿನ ಬೆಳ್ಳಿ, ಅರ್ಧಚಂದ್ರದ ಹಾಗೆ. ಮುರಿದುಹೋಗಿದೆ ಅಂತ ಬೇಜಾರಾಯ್ತು. ತಿರುಗಿಸಿ ನೋಡಿದ್ರೆ ಶಿಲುಬೆಯ ಗೆರೆ ಗುಂಟ ನೀಟಾಗಿ ಕತ್ತರಿಸಿದ್ದಾರೆ! 1247ರಲ್ಲಿ ದೊರೆ ಮೂರನೇ ಹೆನ್ರಿ ಕಾಲದಲ್ಲಿ ಬಂದ ಉದ್ದ ಶಿಲುಬೆಯ (ಶಿಲುಬೆಯ ತೋಳು ನಾಣ್ಯದ ಅಂಚಿನವರೆಗೂ ಚಾಚಿರೋ) ಪೆನ್ನಿ ಅದು. ಚಿಲ್ಲರೆ ಬೇಕಾದಾಗ ಅದನ್ನೇ ಅರ್ಧ, ಕಾಲು ಅಂತ ಕತ್ತರಿಸ್ತಿದ್ರು. ಯಾವ ಸಂತೆಗೆ ಹೊರಟವರ ಕೈಯಿಂದ ಜಾರಿತ್ತೋ.

ಒಂಟಿ ನಾಣ್ಯಕ್ಕೆ 1996ರ ಟ್ರೆಷರ್ ಆಕ್ಟ್ (ನಿಧಿ ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಬೇಕು ಅನ್ನೋ ಕಾನೂನು) ಸಾಮಾನ್ಯವಾಗಿ ಅನ್ವಯಿಸಲ್ಲ. 300 ವರ್ಷ ದಾಟಿದ ಎರಡು ಅಥವಾ ಹೆಚ್ಚು ಬೆಳ್ಳಿ ನಾಣ್ಯ ಒಟ್ಟಿಗೆ ಸಿಕ್ಕಿದ್ರೆ 14 ದಿನದೊಳಗೆ ತಿಳಿಸಲೇಬೇಕು. ಆದ್ರೂ ಜನರಿಗೆ ಸಿಕ್ಕ ಹಳೇ ವಸ್ತುಗಳ ವಿವರ ದಾಖಲಿಸೋ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನಲ್ಲಿ, ನಾಣ್ಯ ಸಿಕ್ಕ ಜಾಗದ ಸಮೇತ ದಾಖಲಿಸ್ತಿದ್ದೀನಿ. ಉಜ್ಜಬೇಡಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಬರೀ ನೀರಲ್ಲಿ ಅದ್ದಿ ತೆಗೆದೆ ಅಷ್ಟೇ.