ಸಹಾಯ ಬೇಕು: ನಾಲ್ಕುನಾಡು ಅರಮನೆಗೆ ಮಣ್ಣುದಾರಿ

ಬಳಗದವರಿಗೆ ನಮಸ್ಕಾರ. ಮಳೆಗಾಲ ಮುಗಿದ ಮೇಲೆ ಕೊಡಗಿನ ನಾಪೋಕ್ಲಿನಿಂದ ಹೊರಟು, ಕೊಡಗಿನ ಅರಸ ದೊಡ್ಡವೀರರಾಜೇಂದ್ರ 18ನೇ ಶತಮಾನದ ಕೊನೆಯಲ್ಲಿ ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯವರೆಗೆ ಗ್ರಾವೆಲ್ ಸೈಕಲ್ಲಿನಲ್ಲಿ, ಅಂದರೆ ಮಣ್ಣು, ಜಲ್ಲಿ ದಾರಿಗಳಿಗೆ ಹೊಂದುವ ಸೈಕಲ್ಲಿನಲ್ಲಿ, ಹೋಗಬೇಕೆಂದಿದ್ದೇನೆ. ಅಲ್ಲಿಗೆ ಹೋಗುವ ಕಕ್ಕಬ್ಬೆಯ ಡಾಂಬರು ರಸ್ತೆ ನನಗೆ ಗೊತ್ತು; ವಾರಾಂತ್ಯದಲ್ಲಿ ಪ್ರವಾಸಿಗರ ಕಾರು, ಜೀಪುಗಳ ನಡುವೆ ಆ ತಿರುವುಗಳಲ್ಲಿ ತುಳಿಯುವುದು ನೆಮ್ಮದಿಯ ಕೆಲಸವಲ್ಲ. ಆದ್ದರಿಂದ ಗದ್ದೆ ಬಯಲು, ಕಾಫಿ ತೋಟಗಳ ಅಂಚಿನಲ್ಲಿ ಸಾಗುವ, ವಾಹನ ಸಂಚಾರವಿಲ್ಲದ ಮಣ್ಣಿನ ಅಥವಾ ಜಲ್ಲಿ ದಾರಿಗಳನ್ನು ಬಲ್ಲವರು, ಅವುಗಳಲ್ಲಿ ಯಾವುದು ಸಾರ್ವಜನಿಕವಾದದ್ದು, ಯಾವುದಕ್ಕೆ ತೋಟದವರ ಅಥವಾ ಅರಣ್ಯ ಇಲಾಖೆಯ ಅನುಮತಿ ಬೇಕು ಎಂಬುದನ್ನು ದಯವಿಟ್ಟು ತಿಳಿಸಬೇಕು. ದಾರಿಯಲ್ಲಿ ಹಳೆಯ ಕಡಂಗಗಳು, ಅಂದರೆ ಹಿಂದೆ ಶತ್ರುಗಳನ್ನು ತಡೆಯಲು ತೋಡಿದ್ದ ಆಳವಾದ ಕಂದಕಗಳು, ಕಾಣಸಿಗುವುದಾದರೆ ಎರಡು ಗಂಟೆ ಹೆಚ್ಚು ತುಳಿಯಲೂ ಸಿದ್ಧನಿದ್ದೇನೆ. 40 ಮಿ.ಮೀ. ಅಗಲದ ಟೈರು ಸಾಕಾಗುವುದೇ? ಆನೆಗಳ ಓಡಾಟವಿರುವ ಕಡೆ ಯಾವ ಹೊತ್ತನ್ನು ತಪ್ಪಿಸಬೇಕು?