ಕಾರೊಳಗೆ ತೇವ, ಗ್ಲಾಸ್ ತುಂಬಾ ಮಂಜು: ಎಸಿ ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಎಸಿ ಮೆಕ್ಯಾನಿಕ್: ಸಂಜೆ ತನಕ ಇರ್ತೀನಿ. ಗ್ಲಾಸ್ ಮಂಜು, ಕಾರ್ಪೆಟ್ ಒದ್ದೆ, ಮುಗ್ಗಲು ವಾಸನೆ ಏನಿದ್ರೂ ಕೇಳಿ. ಮೇಲಿನ ಉತ್ತರ ಓದ್ಕೊಂಡು ಆಮೇಲೆ ಕೇಳಿ.

ಮಳೆಹಕ್ಕಿ: ಸರ್, ಮಳೇಲಿ 4 ಜನ ಕೂತ್ರೆ 5 ನಿಮಿಷಕ್ಕೆ ಮುಂದಿನ ಗ್ಲಾಸ್ ಪೂರ್ತಿ ಬಿಳಿ. ಒರೆಸಿ ಒರೆಸಿ ಸಾಕಾಯ್ತು.

ಎಸಿ ಮೆಕ್ಯಾನಿಕ್: ರೀಸರ್ಕ್ಯುಲೇಷನ್ ಬಟನ್, ಅಂದ್ರೆ ಕಾರೊಳಗಿನ ಗಾಳೀನೇ ಮತ್ತೆ ಸುತ್ತಿಸೋದು, ಆನ್ ಇದೆಯಾ ನೋಡಿ. ಉಸಿರು, ಒದ್ದೆ ಬಟ್ಟೆ, ಕೊಡೆ ಎಲ್ಲದರ ಆವಿ ಒಳಗೇ ಸುತ್ತುತ್ತಾ ಇರುತ್ತೆ, ತಣ್ಣಗಿರೋ ಗ್ಲಾಸ್ ಮುಟ್ಟಿದ ತಕ್ಷಣ ನೀರಾಗುತ್ತೆ. ಹೊರಗಿನ ಗಾಳಿಗೆ ಹಾಕಿ, ಗಾಳೀನ ಗ್ಲಾಸ್ ಕಡೆ ತಿರುಗಿಸಿ, ಎಸಿ ಆನ್ ಇಟ್ಟು ಟೆಂಪರೇಚರ್ ಬಿಸಿ ಕಡೆಗೆ ತನ್ನಿ. ಎಸಿ ಇರೋದು ಬರೀ ತಂಪಿಗಲ್ಲ, ಗಾಳೀಲಿರೋ ನೀರನ್ನೂ ಹಿಂಡಿ ಹೊರಗೆ ಹಾಕುತ್ತೆ. ಕಾರಿನ ಕೆಳಗೆ ತೊಟ್ಟಿಕ್ಕೋದು ಅದೇ ನೀರು.

ವೀಕೆಂಡ್ ಡ್ರೈವರ್: ನನ್ನ ಕಾರಲ್ಲಿ ಮಂಜು ಗ್ಲಾಸಿನ ಹೊರಗಡೆ ಸರ್.

ಎಸಿ ಮೆಕ್ಯಾನಿಕ್: ವೈಪರ್ ಹಾಕಿ. ಎಸಿ ಗಾಳೀನ ಗ್ಲಾಸಿಂದ ಬೇರೆ ಕಡೆ ತಿರುಗಿಸಿ, ತಂಪು ಸ್ವಲ್ಪ ಕಮ್ಮಿ ಮಾಡಿ.

ಇಬ್ಬರು ಮಕ್ಕಳ ಅಮ್ಮ: ಸರ್ ನಮ್ಮದು ಹಳೇ ಕಾರು. ಡ್ರೈವರ್ ಪಕ್ಕದ ಸೀಟಿನವರು ಕಾಲಿಡೋ ಜಾಗದಲ್ಲಿ ಕಾರ್ಪೆಟ್ ಯಾವಾಗ್ಲೂ ಒದ್ದೆ, ಮಳೆ ಇಲ್ದಿದ್ರೂ. ಗ್ಲಾಸ್ ಮೇಲಿನ ಮಂಜು ಒರೆಸಿದ್ರೆ ಹೋಗಲ್ಲ, ಎಣ್ಣೆ ಬಳಿದಂಗೆ ಹರಡುತ್ತೆ. ಬ್ಲೋವರ್ ಹಾಕಿದ್ರೆ ಏನೋ ಸಿಹಿ ವಾಸನೆ. ಅಕ್ಕಿ ತುಂಬಿದ ಬಟ್ಟೆ ಚೀಲ ಇಡಿ ಅಂದ್ರು, 1 ವಾರದಿಂದ ಇಟ್ಟಿದೀನಿ.

ಎಸಿ ಮೆಕ್ಯಾನಿಕ್: ಮೇಡಂ, ಬೇರೆಯವರು ಸ್ವಲ್ಪ ಕಾಯಲಿ, ಇದು ಮುಖ್ಯ. ಕಾರ್ಪೆಟ್ ಒದ್ದೆ ಆಗೋಕೆ ಸಾಮಾನ್ಯವಾಗಿ 3 ದಾರಿ. ಮಳೆ ಆದ ಮೇಲೆ ಮಾತ್ರ ಆದ್ರೆ ಬಾಗಿಲಿನ ರಬ್ಬರು, ಸನ್‌ರೂಫ್ ಪೈಪು ಅಥವಾ ವೈಪರ್ ಬುಡದಲ್ಲಿ ಎಲೆ ಕಟ್ಟಿಕೊಂಡಿರೋದು. ಎಸಿ ಓಡಿಸಿದ ಮೇಲೆ ಮಾತ್ರ ಆದ್ರೆ ಎಸಿ ಡ್ರೈನ್ ಪೈಪ್ ಕಟ್ಟಿದೆ, ಆ ನೀರು ತಿಳಿಯಾಗಿರುತ್ತೆ, ಅಂಟಲ್ಲ. ನೀವು ಹೇಳ್ತಿರೋ ಜಿಡ್ಡು ಮಂಜು, ಸಿಹಿ ವಾಸನೆ ಎರಡೂ ಮೂರನೇದಕ್ಕೆ ಹೊಂದುತ್ತೆ, ಹೀಟರ್ ಕೋರ್ ಸೋರ್ತಾ ಇರಬಹುದು. ಡ್ಯಾಶ್‌ಬೋರ್ಡ್ ಒಳಗೆ ಸಣ್ಣ ರೇಡಿಯೇಟರ್ ಥರ ಇರುತ್ತೆ ಅದು, ಇಂಜಿನ್ನಿನ ಬಿಸಿ ಕೂಲಂಟ್, ಅಂದ್ರೆ ಇಂಜಿನ್ ತಂಪಾಗಿಡೋ ದ್ರವ, ಅದರೊಳಗೆ ಓಡಾಡುತ್ತೆ. ತೂತಾದ್ರೆ ಕೂಲಂಟ್ ಕಾರ್ಪೆಟ್ಟಿಗೂ ಇಳಿಯುತ್ತೆ, ಆವಿಯಾಗಿ ಗ್ಲಾಸಿಗೂ ಕೂರುತ್ತೆ. ಒಂದು ಬಿಳಿ ಪೇಪರ್ ಕಾರ್ಪೆಟ್ಟಿಗೆ ಒತ್ತಿ, ಬಣ್ಣ ಹತ್ತುತ್ತಾ, ಅಂಟುತ್ತಾ ನೋಡಿ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಡಬ್ಬಿಯ ಗೆರೆ ನೋಡಿ, ಬಿಸಿ ಇದ್ದಾಗ ಮುಚ್ಚಳ ಯಾವ ಕಾರಣಕ್ಕೂ ತೆಗೀಬೇಡಿ, ಕುದಿಯೋದು ಮುಖಕ್ಕೆ ಎರಚುತ್ತೆ. ಬಹಳಷ್ಟು ಕೂಲಂಟಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತೆ, ರುಚಿ ಸಿಹಿ, ಆದ್ರೆ ವಿಷ. ಮಕ್ಕಳು, ನಾಯಿ ಯಾರೂ ಆ ಕಾರಲ್ಲಿ ಕೂರೋದು ಬೇಡ. ಆ ಅಕ್ಕಿ ಯಾರೂ ತಿನ್ನದ ಹಾಗೆ ಕಸಕ್ಕೆ ಹಾಕಿ.

ಹಳೇ ಡೀಸೆಲ್: ಇಷ್ಟೊಂದು ಹೆದರಿಸಬೇಡ್ರಿ. ನಂಗೆ ಫಾರ್ವರ್ಡ್ ಬಂದಿತ್ತು, ಶೆಡ್ ಬಾಗಿಲು ಹಾಕಿ ಇಂಜಿನ್ ಆನ್ ಮಾಡಿ ಅರ್ಧ ಗಂಟೆ ಹೀಟರ್ ಓಡಿಸಿದ್ರೆ ತೇವ ಎಲ್ಲಾ ಒಣಗುತ್ತೆ. ಗ್ಲಾಸಿಗೆ ಶೇವಿಂಗ್ ಫೋಮ್.

ಎಸಿ ಮೆಕ್ಯಾನಿಕ್: ಈ ಮೆಸೇಜ್ ಈಗಲೇ ಡಿಲೀಟ್ ಮಾಡಿ. ಮುಚ್ಚಿದ ಶೆಡ್ಡಲ್ಲಿ ಇಂಜಿನ್ ಓಡಿಸಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಜನ ಸಾಯ್ತಾರೆ, ವಾಸನೆ ಇಲ್ಲ, ಗೊತ್ತೇ ಆಗಲ್ಲ. ಬಾಗಿಲು ತೆಗೆದಿಟ್ರೂ ಶೆಡ್ ಒಳಗೆ ಬೇಡ. ಫೋಮ್ ಹಚ್ಚಿದ್ರೆ ಸ್ವಲ್ಪ ದಿನ ಮಂಜು ಕಮ್ಮಿ ಕಾಣುತ್ತೆ, ಸೋರೋದು ಸೋರ್ತಾನೇ ಇರುತ್ತೆ.

ಕ್ಯಾಬ್ ಓಡಿಸೋನು: ಡೀಸೆಲ್ ಅಣ್ಣ, ನೀವು ಮಾಡಿ ನೋಡಿದೀರಾ ಇದನ್ನ?

ಹಳೇ ಡೀಸೆಲ್: ನಾನು ಹೇಳಿದ್ದು ಫಾರ್ವರ್ಡ್ ಅಂತ. ನಾನು ಮಾಡೋದು ವಿಂಡೋ 2 ಇಂಚು ಇಳಿಸೋದು. ಎಸಿ ಹಾಕಿ ಮೈಲೇಜ್ ಯಾಕೆ ಕಳ್ಕೋಬೇಕು?

ಕ್ಯಾಬ್ ಓಡಿಸೋನು: ಜೋರು ಮಳೇಲಿ ವಿಂಡೋ ಇಳಿಸಿದ್ರೆ ಬಾಗಿಲಿನ ಸ್ವಿಚ್ಚಿಗೆ ನೀರು ಹೋಗುತ್ತೆ. ದಿನಾ 10 ಗಂಟೆ ಓಡಿಸ್ತೀನಿ, ರಸ್ತೆ ಕಾಣೋದು ಮುಖ್ಯ, ಮೈಲೇಜ್ ಆಮೇಲೆ.

ಹಳೇ ಡೀಸೆಲ್: 30 ವರ್ಷದಿಂದ ಗಾಡಿ ಓಡಿಸ್ತಿದೀನಿ, ನೀನು ನಂಗೆ ಹೇಳ್ಕೊಡಬೇಡ.

ಕ್ಯಾಬ್ ಓಡಿಸೋನು: 30 ವರ್ಷ ಓಡಿಸಿದವರು ಶೆಡ್ ಬಾಗಿಲು ಹಾಕಿ ಅಂತ ಜನರಿಗೆ ಕಳಿಸ್ತೀರಲ್ಲ, ಅದು ಸರೀನಾ?

ಹೊಸ ಲೈಸೆನ್ಸ್: ಸರ್ ಹೆಡ್‌ಲೈಟ್ ಒಳಗೆ ಹನಿ ಕೂತಿದೆ, ಏನ್ಮಾಡ್ಲಿ?

ನೀಲಿ ಹ್ಯಾಚ್‌ಬ್ಯಾಕ್: ಸರ್ ಮಳೇಲಿ ಗ್ಲಾಸ್ ಒಳಗೆ ಮಂಜು ಬರುತ್ತೆ, ಪರಿಹಾರ?

ಎಸಿ ಮೆಕ್ಯಾನಿಕ್: ಮಳೆಹಕ್ಕಿಗೆ ಹೇಳಿದೀನಿ. ಓದಿ.

ನೀಲಿ ಹ್ಯಾಚ್‌ಬ್ಯಾಕ್: ಇನ್ನೊಂದ್ಸಲ ಹೇಳಿದ್ರೆ ಏನಾಗುತ್ತೆ ಸರ್?

ತೋಟದ ಜೀಪು: ಸಿಲಿಕಾ ಜೆಲ್ ಪೊಟ್ಟಣ ಆದ್ರೂ ಇಡಬಹುದಾ?

ಎಸಿ ಮೆಕ್ಯಾನಿಕ್: ಇಡಿ. ಸೋರಿಕೆ ಇಲ್ಲದ ಕಾರಿಗೆ ಸ್ವಲ್ಪ ಸಹಾಯ ಆಗುತ್ತೆ. ಕಾರ್ಪೆಟ್ ಕೆಳಗಿನ ಸ್ಪಂಜಿನಂಥ ಫೋಮ್ ನೀರು ಕುಡಿದಿದ್ರೆ ಪೊಟ್ಟಣದಿಂದ ಆಗಲ್ಲ, ಕಾರ್ಪೆಟ್ ಎತ್ತಿ ಒಣಗಿಸಬೇಕು, ಇಲ್ಲಾಂದ್ರೆ ತಳ ತುಕ್ಕು ಹಿಡಿಯುತ್ತೆ. ಸೀಟ್ ಕೆಳಗಿನ ಹಳದಿ ಕನೆಕ್ಟರ್ ಕೀಳಬೇಡಿ, ಅದು ಏರ್‌ಬ್ಯಾಗಿನದು.

ಹೊಸ ಲೈಸೆನ್ಸ್: ಸರ್ ಹೆಡ್‌ಲೈಟ್??

ಇಬ್ಬರು ಮಕ್ಕಳ ಅಮ್ಮ: ಸರ್ ನೋಡಿದೆ. ಪೇಪರಿಗೆ ಹಸಿರು ಬಣ್ಣ ಹತ್ತಿದೆ, ಅಂಟುತ್ತೆ. ಡಬ್ಬೀಲಿ ಕೆಳಗಿನ ಗೆರೆಗಿಂತ ಕಮ್ಮಿ ಇದೆ. ಹೋದ ತಿಂಗಳು ತಾನೇ ತುಂಬಿಸಿದ್ವಿ.

ಎಸಿ ಮೆಕ್ಯಾನಿಕ್: ಹಂಗಾದ್ರೆ ಓಡಿಸಬೇಡಿ, ಗಾಡಿ ಎಳೆಸ್ಕೊಂಡು ಹೋಗಿ. ಕೂಲಂಟ್ ಇಳಿದ್ರೆ ಇಂಜಿನ್ ಕಾದು ಕೆಡುತ್ತೆ. ಗ್ಯಾರೇಜಲ್ಲಿ ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟ್, ಅಂದ್ರೆ ಒತ್ತಡ ಕೊಟ್ಟು ಎಲ್ಲಿ ಸೋರುತ್ತೆ ಅಂತ ನೋಡೋದು, ಮಾಡ್ಸಿ, ಬರೀ ಟಾಪ್ ಅಪ್ ಮಾಡಿ ಕಳಿಸಿದ್ರೆ ಒಪ್ಪಬೇಡಿ. ಕೋರ್ ಬದಲಿಸಿದ ಮೇಲೆ ಕಾರ್ಪೆಟ್ ಕೆಳಗಿನ ಫೋಮೂ ಬದಲಿಸಿ, ಒಣಗಿದ್ರೂ ಕೂಲಂಟ್ ಅದರೊಳಗೇ ಉಳಿಯುತ್ತೆ. ಟೆಸ್ಟಲ್ಲಿ ಏನು ಬಂತು ಅಂತ ಇಲ್ಲೇ ಹಾಕಿ, ನೋಡ್ತೀನಿ.

ಹಳೇ ಡೀಸೆಲ್: ಇಷ್ಟಕ್ಕೆಲ್ಲಾ ಟೋಯಿಂಗಾ?

ಎಸಿ ಮೆಕ್ಯಾನಿಕ್: ಹೌದು.